ಶಾವಿಗೆ ಒರಳಿನ ಓಣಿ

ಅವತ್ತು ನನಗೆ ಸಿಟ್ಟು ಬರದೇ ಇದ್ದಿದ್ದರೆ ಆ ಓಣಿ ನನ್ನ ಕಣ್ಣಿಗೆ ಬೀಳ್ತಾನೇ ಇರಲಿಲ್ಲ. ನನ್ನ ಸಿಟ್ಟು ಮೂಗಿನ ತುದೀಲೇ ಇರುತ್ತೆ ಅಂತ ಮನೆಯವರು ಈಗಲೂ ಆಡ್ಕೊಳ್ತಾರೆ. ಆಡ್ಕೊಳ್ಳಲಿ. ಆ ಸಿಟ್ಟಿನಿಂದ ನಾನು ಕಳಕೊಂಡಿದ್ದು ಬೇಕಾದಷ್ಟಿದೆ. ಸಿಕ್ಕಿದ್ದು ಒಂದೇ ಒಂದು, ಅದನ್ನ ಹೇಳೋಕೆ ಕೂತಿದೀನಿ.

ಆಗ ನಾನು ಚಿತ್ರದುರ್ಗದ ಒಂದು ಅರಳೆ ಅಂಗಡೀಲಿ ತಕ್ಕಡಿ ಹಿಡಿಯೋ ಕೆಲಸಕ್ಕಿದ್ದೆ. ಸ್ವಂತ ಊರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ಅಡ್ಡಲಾಗಿ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಇಲಿ ಬಿದ್ದವು ಅಂದ್ರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಕೂರ್ತಿದ್ದ ಕಾಲವೂ ಅದೇ. ಪ್ಲೇಗು ಅನ್ನೋ ಹೆಸರನ್ನ ನಮ್ಮ ಕಡೆ ಯಾರೂ ಬಾಯಿ ಬಿಟ್ಟು ಹೇಳ್ತಿರಲಿಲ್ಲ. "ಅದು ಬಂದೈತೆ" ಅಂತಿದ್ರು, ಅಷ್ಟೇ. ನಮ್ಮೂರಿಗೂ ಬಂತು. ಹೊಲದ ಗುಡಿಸಲಲ್ಲೇ ನನ್ನ ಹೆಂಡತಿ ಹೋದಳು. ಮದುವೆ ಸೀರೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಅವಳು ಹೋದ ಮೇಲೆ ಊರಲ್ಲಿ ಇರೋಕೆ ಆಗಲಿಲ್ಲ ನನಗೆ. ಅವಳು ನೀರು ಸೇದ್ತಿದ್ದ ಬಾವಿ ಕಡೆ ತಿರುಗಿ ನೋಡೋಕೂ ಆಗ್ತಿರಲಿಲ್ಲ. ಅವ್ವನ ಹತ್ರ ಇಲ್ಲದ ಜಗಳ ತೆಗೆದು, ಅದನ್ನೇ ನೆಪ ಮಾಡ್ಕೊಂಡು ದುರ್ಗಕ್ಕೆ ಬಂದುಬಿಟ್ಟೆ. ಬರುವಾಗ ಅವಳು ತವರಿನಿಂದ ತಂದಿದ್ದ ಒಂದು ಕಂಚಿನ ಬಟ್ಟಲು ಮಾತ್ರ ಗಂಟಿಗೆ ಹಾಕ್ಕೊಂಡಿದ್ದೆ.

ಊಟಕ್ಕೆ ಪೇಟೆ ಬೀದೀಲಿ ಒಂದು ಖಾನಾವಳಿ ಗೊತ್ತು ಮಾಡ್ಕೊಂಡಿದ್ದೆ. ಅದರ ಯಜಮಾನ ಸಾರಿಗೆ ನೀರು ಬೆರೆಸ್ತಿದ್ದನೋ ನೀರಿಗೆ ಸಾರು ಬೆರೆಸ್ತಿದ್ದನೋ, ಶಿವನೇ ಬಲ್ಲ. ಒಂದು ಸಂಜೆ ತಡೆಯೋಕಾಗದೆ, "ಏನಪ್ಪ, ಇದು ಸಾರಾ, ಕೈ ತೊಳೆದ ನೀರಾ?" ಅಂತ ಕೇಳೇಬಿಟ್ಟೆ. "ಬೇಕಾದ್ರೆ ಉಣ್ಣು, ಬ್ಯಾಡಾದ್ರೆ ಎದ್ದೋಗು. ಕೈಗೆ ಕೈಗೆ ಮಾಡಿ ಹಾಕಾಕೆ ನಾನೇನು ನಿನ್ನ ಹೆಂಡ್ತಿ ಏನಲೇ?" ಅಂದ. ಪಾಪ, ಅವನಿಗೇನು ಗೊತ್ತು. ಆದರೂ ಆ ಮಾತಿಗೆ ನನ್ನ ಕಿವಿ ಕಾದು ಹೋಯ್ತು. ತುಂಬಿದ ಎಲೆ ಬಿಟ್ಟು ಎದ್ದೆ. ಹೊಟ್ಟೆ ಚುರುಗುಟ್ತಿತ್ತು, ಕಾಲು ಎತ್ತ ಎಳೀತೋ ಅತ್ತ ಹೋದೆ.

ಕೋಟೆ ಗುಡ್ಡದ ಬುಡಕ್ಕೆ ಬರೋ ಹೊತ್ತಿಗೆ ದೀಪ ಹಚ್ಚೋ ಹೊತ್ತಾಗಿತ್ತು. ನನ್ನ ಮುಂದೆ ರುಮಾಲು ಸುತ್ತಿದ್ದ ಒಬ್ಬ ಹಿರಿಯರು, ನೋಡಿದ್ರೆ ದೊಡ್ಡ ಮನೆತನದೋರು ಅನ್ನಿಸ್ತಿತ್ತು, ಶಲ್ಯದ ಕೆಳಗೆ ಏನನ್ನೋ ಬಚ್ಚಿಟ್ಕೊಂಡು ಸರಸರ ನಡೀತಿದ್ರು. ಗಾಳಿಗೆ ಶಲ್ಯ ಸರಿದಾಗ ನೋಡ್ತೀನಿ, ಖಾಲಿ ಬಟ್ಟಲು! ಅವರ ಹಿಂದೆ ಒಬ್ಬಳು ಮುದುಕಿ, ಅವಳ ಕೈಲೂ ಬಟ್ಟಲು. ಆಚೆ ಬದಿಯಿಂದ ಗಂಡ ಹೆಂಡತಿ ಬಂದರು, ಇಬ್ಬರ ಕೈಲೂ ಒಂದೊಂದು ಬಟ್ಟಲು. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಒಂದೇ ಓಣಿಗೆ ತಿರುಗ್ತಿದ್ರು. ಎಲ್ಲೋ ದಾಸೋಹ ಇರಬೇಕು, ಪುಕ್ಕಟೆ ಊಟ ಅಂದ್ಕೊಂಡು ನಾನೂ ಹಿಂದೆ ಬಿದ್ದೆ.

ಓಣಿಯ ಕೊನೇಲಿ, ತಲೆ ಬಗ್ಗಿಸಿ ಒಳಗೆ ಹೋಗಬೇಕಾದಂಥ ಬಾಗಿಲಿನ ಒಂದು ಮನೆ. ಅಂಗಡಿ ಅನ್ನೋ ಗುರುತೇನೂ ಇಲ್ಲ. ಪಡಸಾಲೆ ತುಂಬ ಹಬೆ, ಆ ಹಬೆಯೊಳಗೆ ಒಂದು ಶಾವಿಗೆ ಒರಳು. ಈಗಿನವರು ಕೈಲಿ ತಿರುಗಿಸೋ ಹಿತ್ತಾಳೆ ಒರಳು ನೋಡಿರ್ತೀರಿ, ಅದಲ್ಲ. ಇದು ಎದೆಯೆತ್ತರದ ಮರದ ಚೌಕಟ್ಟು. ಅದರ ನಡುವೆ, ತಳದಲ್ಲಿ ಸಣ್ಣ ಸಣ್ಣ ತೂತಿರೋ ಒರಳು. ಮೇಲೊಂದು ಉದ್ದನೆಯ ಮರ. ಅದರ ಒಂದು ತುದಿಯನ್ನ ಗೋಡೆಗೆ ಸಿಕ್ಕಿಸಿದ್ರು, ಇನ್ನೊಂದು ತುದಿ ಮೇಲೆ ಒಬ್ಬರು ಹತ್ತಿ ಕೂತು ಭಾರ ಹಾಕಬೇಕು. ಆ ಭಾರಕ್ಕೆ ಒರಳಲ್ಲಿ ತುಂಬಿದ ಬಿಸಿ ಬಿಸಿ ರಾಗಿ ಹಿಟ್ಟು ಎಳೆ ಎಳೆಯಾಗಿ ಕೆಳಗಿಳಿಯುತ್ತೆ. ಉಣ್ಣೋರು ಕೆಳಗೆ ಬಟ್ಟಲು ಹಿಡಿದು ನಿಂತಿರಬೇಕು. ಕೈ ಅಲುಗಾಡಿತೋ, ಎಳೆ ಹರಿದು ನೆಲಕ್ಕೆ ಬಿತ್ತು. ಆ ಒರಳಲ್ಲಿ ಯಾರೂ ತಮಗೆ ತಾವೇ ಒತ್ಕೊಂಡು ತಿನ್ನೋಕಾಗಲ್ಲ, ಇನ್ನೊಬ್ಬರು ಬೇಕೇ ಬೇಕು.

ಮರದ ಮೇಲೆ ಕೂತಿದ್ದೋಳು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ದಪ್ಪ ಮೈ, ಹಣೆ ತುಂಬ ವಿಭೂತಿ, ಸೆರಗನ್ನ ಸೊಂಟಕ್ಕೆ ಬಿಗಿದಿದ್ದಳು. ನನ್ನ ಸರದಿ ಬಂದಾಗ ನನ್ನ ಬರಿಗೈ ನೋಡಿ, "ಬಟ್ಲು ಎಲ್ಲಲೇ?" ಅಂದಳು.

"ಇಲ್ಲ."

"ಅಂಗೈಯಾಗೆ ಒತ್ಲಾ? ಬೊಬ್ಬೆ ಬರ್ತೈತೆ. ಹೋಗು, ತಗಂಡು ಬಾ."

ಅಷ್ಟು ಜನರ ಮುಂದೆ ಹಂಗಂದ್ರೆ ಸಿಟ್ಟು ಬರಲ್ವೇ? ಬೈಕೊಂಡೇ ಕೋಣೆಗೆ ಹೋದೆ, ಬೈಕೊಂಡೇ ಆ ಕಂಚಿನ ಬಟ್ಟಲು ತಗೊಂಡು ವಾಪಸ್ಸು ಬಂದೆ. ಅಷ್ಟು ಹೊತ್ತಿಗೆ ಎಲ್ಲರೂ ಉಂಡು ಹೋಗಿದ್ರು. ಅವಳು ಮಾತ್ರ ಮರದಿಂದ ಇಳಿಯದೆ ಬಾಗಿಲ ಕಡೆ ನೋಡ್ಕೊಂಡು ಕೂತಿದ್ದಳು.

"ಯಾರು?" ಅಂದಳು.

"ನಾನು ತಾಳ್ಯದೋನು."

"ನೀನ್ಯಾರಂತ ಯಾರು ಕೇಳಿದ್ರು? ನಿಮ್ಮನೇಲಿ ಹೋಗಿದ್ದು ಯಾರು ಅಂತ."

ಅಲ್ಲಿಗೆ ಬರೋರೆಲ್ಲ ಸಾವಾದ ಮನೆಯವರು ಅನ್ನೋದು ನನಗೆ ಆಗ ಗೊತ್ತಾಯ್ತು. ದುರ್ಗಕ್ಕೆ ಬಂದ ಮೇಲೆ ಯಾರ ಹತ್ರವೂ ಹೇಳದೇ ಇದ್ದ ಮಾತು ಬಾಯಿಂದ ಬಂದುಬಿಡ್ತು. "ಹೆಂಡ್ತಿ," ಅಂದೆ.

"ಕೂರಿಸಿದ್ರಾ? ನೆಟ್ಟಗೆ?"

ನಮ್ಮ ಪೈಕಿ ಸತ್ತವರನ್ನ ಮಲಗಿಸೋದಿಲ್ಲ. ಗುಂಡಿಯೊಳಗೆ ಗೂಡು ತೋಡಿ, ಎಡಗೈಲಿ ಲಿಂಗ ಇಟ್ಟು, ಪೂಜೆಗೆ ಕೂತ ಹಾಗೆ ನೆಟ್ಟಗೆ ಕೂರಿಸಿ ಮಣ್ಣು ಮುಚ್ಚೋದು. ಆದರೆ ಆ ವರ್ಷಗಳಲ್ಲಿ ಮಣ್ಣು ಮಾಡೋಕೆ ಜನ ಸಿಗೋದೇ ಕಷ್ಟವಾಗಿತ್ತು, ಹೆದರಿ ಓಡಿ ಹೋಗ್ತಿದ್ರು. ಎಷ್ಟೋ ಮಂದಿಯನ್ನ ಹೇಗೆ ಸಿಕ್ಕಿತೋ ಹಾಗೆ ಮುಚ್ಚಿ ಬರ್ತಿದ್ರು. "ನಾನೇ ಗುಂಡಿ ಒಳಗಿಳಿದು ಕೂರಿಸಿದೆ," ಅಂದೆ.

"ಹಂಗಾದ್ರೆ ಚಿಂತಿಲ್ಲ. ಹಿಡಿ ಬಟ್ಲು."

ಹಿಡಿದೆ. ಎಳೆಗಳು ಹರಿದು ಹರಿದು ಬೀಳ್ತಿದ್ವು. "ನೆಟ್ಟಗೆ ಹಿಡಿಯಲೇ ತಾಳ್ಯದೋನೇ," ಅಂತ ಮೇಲಿಂದ ಗದರಿದಳು. ಒಲೆ ಮೇಲಿನ ಮಡಕೇಲಿ ಹುರುಳಿಕಟ್ಟಿನ ಸಾರು ಕುದೀತಿತ್ತು. ಬೆಳ್ಳುಳ್ಳಿ, ಮೆಣಸು, ಜೀರಿಗೆ, ತೆಳ್ಳಗೆ, ಮೂಗಿಗೆ ನೇರ ಹೊಡೆಯೋ ವಾಸನೆ. ಸೌಟಿನಲ್ಲಿ ನಾವೇ ಹಾಕ್ಕೋಬೇಕು. ಗೋಡೆಗೊರಗಿ ಕೂತು ಉಂಡೆ. ಮೊದಲ ತುತ್ತಿಗೇ ಅಳು ಬಂತು. ಹೆಂಡತಿ ಹೋದ ದಿನ ಬರದ ಅಳು, ಮಣ್ಣು ಹಾಕುವಾಗ ಬರದ ಅಳು, ಅವತ್ತು ಬಿಕ್ಕಿ ಬಿಕ್ಕಿ ಬಂತು. ಅವಳು ಸಮಾಧಾನ ಮಾಡಲಿಲ್ಲ. "ಸಾರು ಆರ್ತೈತೆ," ಅಂದಳು ಅಷ್ಟೇ.

ದಿನಾ ಹೋಗೋಕೆ ಶುರು ಮಾಡಿದೆ. ಅವಳನ್ನ ದೊಡ್ಡವ್ವ ಅಂತ ಕರೀತಿದ್ದೆ. ಅವಳು ನನ್ನನ್ನ ಕೊನೇವರೆಗೂ ತಾಳ್ಯದೋನೇ ಅಂತಲೇ ಕರೆದಳು.

ಆ ಜಾಗ ಹೇಗೆ ಶುರುವಾಯ್ತು ಅಂತ ಒಂದೊಂದಾಗಿ ತಿಳೀತು. ನಮ್ಮ ಕಡೆ ಸಾವಾದ ಮನೇಲಿ ವರ್ಷ ತುಂಬೋವರೆಗೂ ಶಾವಿಗೆ ಒತ್ತಬಾರದು. ಶಾವಿಗೆ ಅಂದ್ರೆ ಮದುವೆ ಮನೆ ಅಡುಗೆ, ಅಳಿಯ ಬಂದಾಗಿನ ಅಡುಗೆ. ಸತ್ತ ಮನೆಯವರು ಒತ್ತಿದ್ದನ್ನ ಉಂಡರೆ ಉಂಡವರ ಮನೆಗೂ ಕೇಡು ಅಂತ ಹೆದರ್ತಿದ್ರು. ನಮ್ಮವರಿಗೆ ಸೂತಕವೇ ಇಲ್ಲ ಅಂತ ಮಠದಲ್ಲಿ ಹೇಳ್ತಾರೆ. ಹೇಳ್ಲಿ, ಮನೆ ಹೆಂಗಸರು ಕೇಳಬೇಕಲ್ಲ! ಆ ವರ್ಷ ಊರ ಜನ ಮದಕರಿಪುರದ ಕಡೆ ಹೊಲಗಳಲ್ಲಿದ್ದು ಮನೆಗೆ ವಾಪಸ್ಸು ಬಂದಾಗ ಇಡೀ ಓಣೀಲಿ ಒರಳು ಹೂಡೋ ಮನೆಯೇ ಇರಲಿಲ್ಲ. ಎಲ್ಲ ಮನೇಲೂ ಒಬ್ಬರಲ್ಲ ಒಬ್ಬರು ಹೋಗಿದ್ರು. ದೊಡ್ಡವ್ವನ ಮನೆ ಒಂದು ಉಳಿದಿತ್ತು. ಗಂಡ ಎಷ್ಟೋ ವರ್ಷದ ಹಿಂದೆಯೇ ಹೋಗಿದ್ದ. ಇದ್ದೋನು ಒಬ್ಬನೇ ಮಗ, ಅವನು ಮಾರಿಕಣಿವೆಯ ಕಟ್ಟೆ ಕೆಲಸಕ್ಕೆ ಹೋಗಿ ಗಟ್ಟಿಯಾಗಿದ್ದ. "ಸಾವಿನ ಮನೆಯೋರು ಒತ್ತಬಾರ್ದು ಅಂದ್ರು, ಉಣಬಾರ್ದು ಅಂತ ಯಾರು ಹೇಳ್ಯಾರೆ? ಒತ್ತಾಕೆ ನಾನಿದೀನಿ, ಬರ್ರಿ," ಅಂತ ಓಣಿಗೆಲ್ಲ ಕೂಗಿ ಹೇಳಿ ಒರಳಿನ ಮೇಲೆ ಹತ್ತಿ ಕೂತಳಂತೆ. ಬಂದವರು ಹಿಟ್ಟೋ ಹುರುಳಿಯೋ ಒಂದು ಹೊರೆ ಸೌದೆಯೋ ಮೂಲೇಲಿ ಇಟ್ಟು ಹೋಗ್ತಿದ್ರು. ನಾನು ಒಮ್ಮೆ ಬಾಯಿ ತಪ್ಪಿ "ನಿನ್ನ ಅಂಗಡಿ" ಅಂದಿದ್ದಕ್ಕೆ ಎರಡು ದಿನ ನನ್ನ ಹತ್ರ ನೆಟ್ಟಗೆ ಮಾತಾಡಲಿಲ್ಲ.

ಮಗನ ಮಾತು ಬಂದರೆ ಮಾತ್ರ ಮುಖ ಅರಳೋದು. "ಅವನು ಕುಂತ್ರೆ ಈ ಮರ ಕೂಗಾಡ್ತಿತ್ತಲೇ. ಒಂದೇ ಸಲಕ್ಕೆ ಒರಳು ಖಾಲಿ. ನೀನೊಬ್ನು, ತಕ್ಕಡಿ ಹಿಡಿಯೋನು, ನಿನ್ನ ತೂಕಕ್ಕೆ ಒಂದೆಳೆನೂ ಬರಲ್ಲ," ಅಂತ ನನ್ನ ಒಣಕಲು ಮೈ ನೋಡಿ ನಗೋಳು. ಸುಗ್ಗಿ ಮುಗಿದ ಮೇಲೆ ಬರ್ತೀನಿ ಅಂದಿದ್ದನಂತೆ. ಸುಗ್ಗಿ ಮುಗೀತು, ಅವನು ಬರಲಿಲ್ಲ.

ಆಮೇಲೆ ಹಿರಿಯೂರು ಸಂತೆಯಿಂದ ಬಂದ ಯಾರೋ ಒಂದು ಮಾತು ತಂದರು. ಕಣಿವೇಲಿ ಚಳಿಜ್ವರ ಬಿದ್ದೈತೆ, ಕೆಲಸದವರ ಗುಡಿಸಲಲ್ಲಿ ದುರ್ಗದ ಒಬ್ಬ ಹುಡುಗ ಹೋದನಂತೆ ಅಂತ. ಯಾವ ಹುಡುಗ, ಯಾರ ಮಗ, ಅವರಿಗೂ ಗೊತ್ತಿಲ್ಲ. ಆದರೆ ಓಣಿಯಿಂದ ಅಲ್ಲಿಗೆ ಹೋಗಿದ್ದೋನು ದೊಡ್ಡವ್ವನ ಮಗ ಒಬ್ಬನೇ. ಮರುದಿನದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ.

ಆ ಸಂಜೆ ರುಮಾಲಿನ ಹಿರಿಯರು ಬಂದರು. ನಾನು ಮೊದಲ ದಿನ ಹಿಂದೆ ಬಿದ್ದು ಬಂದೆನಲ್ಲ, ಅವರೇ. ಆ ಓಣಿಗೆ ಯಜಮಾನರು. ಮೊಮ್ಮಗ ಹೋದ ದುಃಖದಲ್ಲಿ ಅನ್ನ ಬಿಟ್ಟಿದ್ದವರು ದೊಡ್ಡವ್ವನ ಒರಳಿಂದಲೇ ಮತ್ತೆ ಉಣ್ಣೋಕೆ ಶುರು ಮಾಡಿದ್ರು. ಅವತ್ತು ಕೈಲಿ ಬಟ್ಟಲು ಇರಲಿಲ್ಲ. ಹೊಸಿಲ ಆಚೆ ನಿಂತು, "ತಂಗೀ, ನಿನ್ನ ಮಗ ಹೋಗ್ಯಾನಂತೆ. ನೀನು ಇಳೀಬೇಕು ಕಣವ್ವ," ಅಂದರು.

ದೊಡ್ಡವ್ವ ಮರದ ಮೇಲಿಂದಲೇ, "ಕಂಡೋರು ಯಾರು?" ಅಂದಳು.

"ಊರೆಲ್ಲ ಹೇಳ್ತೈತೆ."

"ಊರು ಕಂಡೈತಾ? ಕಂಡ ಕಣ್ಣು ನನ್ನ ಮುಂದೆ ಬಂದು ಹೇಳ್ಲಿ, ಇಳೀತೀನಿ. ಅಲ್ಲೀಗಂಟ ನನ್ನ ಮಗ ಅದಾನೆ, ನಾನು ಇಲ್ಲೇ ಕುಂತಿರ್ತೀನಿ."

"ನಮ್ಮನೇಲಿ ಮದುವೆ ಐತವ್ವ. ವರ್ಷ ತುಂಬ್ಸಿ ಈಗ ತಾನೆ ಉಸಿರು ಬಿಡ್ತಿದೀವಿ. ಹುಡುಗರು ಮತ್ತೆ ಇಲ್ಲುಂಡು ಏನಾದ್ರೂ ಆದ್ರೆ..." ಅಂದರು.

ನನಗೆ ತಡೆಯೋಕಾಗಲಿಲ್ಲ. "ಉಂಡು ಉಂಡು ಜೀವ ಹಿಡ್ಕೊಂಡು ಈಗ ಹೊಸಿಲಾಚೆ ನಿಂತು ಮಾತಾಡ್ತೀರಲ್ಲ, ನಾಚಿಕೆ ಆಗಲ್ವೇನ್ರಿ?" ಅಂತ ಕಿರುಚಿಬಿಟ್ಟೆ. ಅವರು ಕಣ್ಣೊರೆಸ್ಕೊಂಡು ಹೋದರು. ನನ್ನನ್ನ ಬೈದಿದ್ದು ದೊಡ್ಡವ್ವ. "ದೊಡ್ಡೋರಿಗೆ ಹಂಗೆಲ್ಲ ಅಂತಾರೇನಲೇ? ಅವರೇನು ಕೆಟ್ಟೋರಾ? ಹೆದರ್ಯಾರೆ, ಪಾಪ," ಅಂದಳು.

ಅವತ್ತಿನಿಂದ ಬಟ್ಟಲುಗಳು ಕಮ್ಮಿಯಾದ್ವು. ವರ್ಷ ತುಂಬಿದವರು, ಮನೇಲಿ ಮದುವೆ ಬಸಿರು ಇದ್ದವರು ಮೊದಲು ಬಿಟ್ಟರು. ಆಮೇಲೆ ಉಳಿದವರೂ ಬಿಟ್ಟರು. ನಾನೊಬ್ಬ ಹೋಗ್ತಿದ್ದೆ. ನನಗೆ ಕಳಕೊಳ್ಳೋಕೆ ಇನ್ನೇನಿತ್ತು? ಆದರೂ ದೊಡ್ಡವ್ವ ಪೂರ್ತಿ ಹಿಟ್ಟು ಬೇಯಿಸೋಳು, ಪೂರ್ತಿ ಸಾರು ಕಾಯಿಸೋಳು, ದೀಪ ಹಚ್ಚೋ ಹೊತ್ತಿಗೆ ಮರ ಹತ್ತಿ ಕೂರೋಳು. ಉಣ್ಣೋರಿಲ್ಲದೆ ಹಿಟ್ಟು ಆರಿ ಕಲ್ಲಾಗ್ತಿತ್ತು. ಬೆಳಿಗ್ಗೆ ಎದ್ದು ಅದನ್ನ ಬೀದಿ ದನಕ್ಕೆ ಹಾಕ್ತಿದ್ದಳು.

ಅಷ್ಟರಲ್ಲಿ ನನ್ನ ವರ್ಷವೂ ತುಂಬಿತು. ತಾಳ್ಯಕ್ಕೆ ಹೋಗಿ, ಅವ್ವನ ಕಾಲಿಗೆ ಬಿದ್ದು, ಹೆಂಡತಿಯ ವರ್ಷದ ಕಾರ್ಯ ಮುಗಿಸಿ ಬಂದೆ. ಬಂದವನು ನೋಡಿದ್ರೆ ದೊಡ್ಡವ್ವ ಅರ್ಧಕ್ಕರ್ಧ ಇಳಿದು ಹೋಗಿದ್ದಳು. ಅವಳ ಭಾರಕ್ಕೆ ಮರ ಸರಿಯಾಗಿ ಬಗ್ಗುತ್ತಲೂ ಇರಲಿಲ್ಲ. "ಇನ್ನು ನಾನೂ ಕೂರಬಹುದಲ್ಲ ದೊಡ್ಡವ್ವ. ಸುಸ್ತಾಗಿದೀಯ, ನೀನಿಳಿ, ನಾನು ಒತ್ತುತೀನಿ," ಅಂದೆ.

ಅವಳು ನನ್ನನ್ನ ನೋಡಿದ ನೋಟ ಈಗಲೂ ಎದೆಗೆ ಚುಚ್ಚುತ್ತೆ. "ನಾನು ಇಳಿಯೋದು ಅಂದ್ರೇನು ಅಂತ ಗೊತ್ತೈತೇನಲೇ ನಿನಗೆ?" ಅಂದಳು. ಗೊತ್ತಿತ್ತು. ಬಟ್ಟಲು ಹಿಡಿದೆ.

ಅವತ್ತು ನಾನು ಉಂಡು ಮುಗಿಸಿದ ಮೇಲೆ ಅವಳೇ ಮಾತು ತೆಗೆದಳು. "ನಿಮ್ಮ ಅರಳೆ ಗಾಡಿ ಹಿರಿಯೂರಿಗೆ ಹೋಗ್ತಾವಲ್ಲ, ನೀನೂ ಹೋಗು. ಕಣಿವೆಗೆ ಹೋಗಿ ನೋಡು. ಇದ್ರೆ ಕಿವಿ ಹಿಡ್ಕಂಡು ಕರ್ಕಂಡ್ ಬಾ."

"ಇಲ್ದಿದ್ರೆ?" ಅನ್ನೋ ಮಾತು ನನ್ನ ಬಾಯಿಂದ ಬರಲಿಲ್ಲ. ಅವಳೇ ಹೇಳಿದಳು. "ಇಲ್ದಿದ್ರೆ ನೀನು ಬಂದು ನನಗೇನೂ ಹೇಳಬ್ಯಾಡ. ಕಂಡೋರನ್ನ ಕರ್ಕಂಡ್ ಬಾ. ಅವರು ಹೇಳ್ಲಿ."

ಗಾಡಿಗಳ ಜೊತೆ ಹೊರಟೆ. ದಾರಿಯುದ್ದಕ್ಕೂ ಅವನನ್ನ ಹೇಗೆ ಬೈಯಬೇಕು ಅಂತಲೇ ಯೋಚನೆ ಮಾಡ್ತಿದ್ದೆ. ಲೇ, ನಿಮ್ಮವ್ವ ನಿನಗೋಸ್ಕರ ಒರಳು ಬಿಟ್ಟು ಇಳಿದಿಲ್ಲ, ನೀನಿಲ್ಲಿ ಏನು ಮಾಡ್ತಿದೀಯ ಅಂತ ಕೆನ್ನೆಗೆ ಬಾರಿಸಬೇಕು ಅಂದ್ಕೊಂಡಿದ್ದೆ. ಬೈಗುಳ ಒಂದೂ ಖರ್ಚಾಗಲಿಲ್ಲ. ಕಣಿವೆ ಹತ್ರ ಕೆಲಸದವರ ಗುಡಿಸಲು ಸಾಲಲ್ಲಿ ವಿಚಾರಿಸಿದಾಗ ಎಲ್ಲರೂ ಒಬ್ಬನ ಕಡೆಗೇ ಕೈ ತೋರಿಸಿದ್ರು. ಮಡಕಶಿರದ ಕಡೆಯ ತೆಲುಗಿನೋನು, ಕಲ್ಲು ಒಡೆಯೋನು. ದೊಡ್ಡವ್ವನ ಮಗನೂ ಅವನೂ ಒಂದೇ ಗುಡಿಸಲಲ್ಲಿ ಇದ್ದರು. ನಾನು ದುರ್ಗದಿಂದ ಬಂದಿದೀನಿ ಅನ್ನುತ್ತಲೇ ಅವನು ಸುತ್ತಿಗೆ ಕೆಳಗಿಟ್ಟ.

"ತಾಯಿ ಕಳಿಸಿದ್ರಾ ಸಾಮಿ?" ಅಂದ. ಅಲ್ಲಿಗೆ ನನಗೆ ಎಲ್ಲ ಗೊತ್ತಾಗಿಹೋಯ್ತು.

ಅವನು ಬರೋಕೆ ಹಿಂದೆ ಮುಂದೆ ನೋಡಲಿಲ್ಲ. "ಅವನು ನನಗೆ ತಮ್ಮುಡು ಲೆಕ್ಕ ಸಾಮಿ. ನಾನೇ ಬರಬೇಕಿತ್ತು, ಧೈರ್ಯ ಬರಲಿಲ್ಲ. ಬಂದು ಏನಂತ ಹೇಳ್ಲಿ?" ಅಂದ. ವಾಪಸ್ಸು ದಾರೀಲಿ ಗಾಡಿ ಹಿಂದೆ ಹಿಂದೆ ನಡೀತಾ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಹಾಳಾದ್ದು ದುರ್ಗ ಹತ್ತಿರ ಆಗೋದೇ ಬೇಡ ಅನ್ನಿಸ್ತಿತ್ತು ನನಗೆ. ಜೋಗಿಮಟ್ಟಿ ಗುಡ್ಡ ಕಂಡಾಗ ಅವನು ನಿಂತು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸ್ಕೊಂಡ.

ನಾವು ಓಣಿಗೆ ಬಂದಾಗ ದೀಪ ಹಚ್ಚಿತ್ತು. ದೊಡ್ಡವ್ವ ಮರದ ಮೇಲೆ ಕೂತಿದ್ದಳು, ಒರಳಿಂದ ಹಬೆ ಏಳ್ತಿತ್ತು. ನನ್ನ ಹಿಂದೆ ಬಂದವನನ್ನ ನೋಡಿದಳು. ಆ ಕ್ಷಣಕ್ಕೇ ಗೊತ್ತಾಗಿತ್ತು ಅವಳಿಗೆ, ಗೊತ್ತಾಗದೇ ಇರುತ್ತಾ? ಅವನು ಹೊಸಿಲ ಹೊರಗೇ ನಿಂತು, "ಅವ್ವಾ," ಅಂತ ಬಾಯಿ ತೆಗೆದ.

"ಮೊದಲು ಉಣ್ಣು," ಅಂದಳು. "ದೂರದಿಂದ ಬಂದೀಯ. ತಾಳ್ಯದೋನೇ, ನಿನ್ನ ಬಟ್ಲು ಕೊಡು ಅವನಿಗೆ. ಒಳಗೆ ಬಾರಪ್ಪ, ಹಿಂಗ್ ಹಿಡಿ, ನೆಟ್ಟಗೆ."

ಅವನು ಹಿಂಜರಿದ. ಬೇರೆ ಜಾತಿಯವನು, ಯಾರ ಮನೆ ಒಳಗೂ ಹೋಗಿ ಗೊತ್ತಿಲ್ಲದೋನು. ಅವಳು ಇನ್ನೊಮ್ಮೆ ಗದರಿದ ಮೇಲೆ ತಲೆ ಬಗ್ಗಿಸಿ ಒಳಗೆ ಬಂದ. ಅವಳು ಒತ್ತಿದಳು. ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದಳು. ಅವನ ಬಟ್ಟಲು ತುಂಬಿ ಎಳೆಗಳು ಆಚೆ ಈಚೆ ಇಳಿಬಿದ್ವು. ಅವನು ಮೂಲೇಲಿ ಕೂತು, ಸಾರು ಹಾಕ್ಕೊಂಡು, ಅಳ್ತಾ ಅಳ್ತಾ ಪೂರ್ತಿ ಉಂಡ. ಕೊನೇ ಎಳೆ ಮುಗಿಯೋವರೆಗೂ ಅವಳು ಅವನನ್ನೇ ನೋಡ್ತಿದ್ದಳು. ಅವನು ಉಣ್ತಿರೋವಷ್ಟು ಹೊತ್ತು ಅವಳ ಮಗ ಇನ್ನೂ ಇದ್ದ.

ಅವನು ಬಟ್ಟಲು ಕೆಳಗಿಟ್ಟ. "ಹೂಂ, ಈಗ ಹೇಳು. ನೀನು ಕಂಡೆಯಾ?" ಅಂದಳು.

"ಕಂಡೆ ಅವ್ವಾ."

"ಜ್ವರವಾ?"

"ಚಳಿಜ್ವರ. ನನ್ನ ಕಂಬಳೀನೂ ಅವನಿಗೇ ಹೊದಿಸಿದ್ದೆ. ನಿಲ್ಲಲಿಲ್ಲ."

"ಬಾಯಿಗೆ ನೀರು ಬಿಟ್ರಾ?"

"ನನ್ನ ಕೈಯಾರೆ ಬಿಟ್ಟೆ ಅವ್ವಾ. ಕುಡಿದ. ಆಮೇಲೆ ಹೋದ."

"ಕೊಳ್ಳಾಗಿನ ಲಿಂಗ?"

"ತೆಗೀಲಿಲ್ಲ. ಹಂಗೇ ಬಿಟ್ವಿ."

ದೊಡ್ಡವ್ವ ಎರಡೂ ಕೈಲಿ ಮರವನ್ನ ಹಿಡ್ಕೊಂಡಳು. "ಕೂರಿಸಿದ್ರಾ?" ಅಂದಳು. "ನೆಟ್ಟಗೆ ಕೂರಿಸಿದ್ರಾ?"

ಅವನು ಒಂದು ಸಲ ನನ್ನ ಕಡೆ ನೋಡಿದ, ಒಂದು ಸಲ ಅವಳ ಮುಖ ನೋಡಿದ. "ಹೂಂ ಅವ್ವಾ," ಅಂದ. "ಕೂರಿಸಿದ್ವಿ."

ಅವಳು ಉದ್ದಕ್ಕೆ ಉಸಿರು ಬಿಟ್ಟಳು. ಅಳಲಿಲ್ಲ. "ಒಳ್ಳೇದಾಗ್ಲಪ್ಪ ನಿನಗೆ. ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು. ನನ್ನ ಕಡೆ ತಿರುಗಿ, "ಕತ್ತಲಾಗ್ತೈತೆ, ಅವನನ್ನ ಗಾಡಿ ಹತ್ರ ಬಿಟ್ಟು ಬಾ," ಅಂದಳು.

ಓಣಿಯ ತಿರುವಿನವರೆಗೂ ಅವನು ನನ್ನ ಜೊತೆ ಬಂದ. ಅಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿ, ಮೆತ್ತಗೆ ಕೇಳಿದ. "ಸಾಮಿ, ಕೂರಿಸೋದು ಅಂದ್ರೇನು?"

ಗುಂಡೀಲಿ ನೆಟ್ಟಗೆ ಕೂರಿಸೋದು ಅಂತ ಹೇಳಿದೆ.

"ನಮ್ಮ ಕಡೆ ಮಲಗಿಸ್ತೀವಿ ಸಾಮಿ. ಅವನನ್ನೂ ಹಂಗೇ ಮಲಗಿಸಿದ್ವಿ. ತಲೆ ಕೆಳಗೆ ನನ್ನ ಬಟ್ಟೆ ಮಡಚಿ ಇಟ್ಟೆ. ನರಿ ಬರದಂಗೆ ಮೇಲೆ ದೊಡ್ಡ ದೊಡ್ಡ ಕಲ್ಲು ಜೋಡಿಸಿದೆ, ಒಬ್ಬನೇ. ಅವ್ವ ಅಷ್ಟು ಆಸೆಯಿಂದ ಕೇಳ್ತಾ ಇದ್ರು, ಇಲ್ಲ ಅನ್ನಾಕೆ ಬಾಯಿ ಬರಲಿಲ್ಲ. ತಪ್ಪಾಯ್ತಾ ಸಾಮಿ?"

ಏನು ಹೇಳ್ಲಿ ಅವನಿಗೆ? ಓದಿದವರು, ಮಠದವರು ಏನು ಬೇಕಾದ್ರೂ ಹೇಳಲಿ. ಜ್ವರದಲ್ಲಿ ನಡುಗ್ತಿದ್ದವನಿಗೆ ತನ್ನ ಕಂಬಳಿ ಹೊದಿಸಿ, ತಾನು ಚಳೀಲಿ ಕೂತವನು. ಸತ್ತ ಮೇಲೂ ಅವನ ತಲೆ ನೆಲಕ್ಕೆ ಒತ್ತಬಾರದು ಅಂತ ಬಟ್ಟೆ ಮಡಚಿ ಇಟ್ಟವನು. "ಏನೂ ತಪ್ಪಾಗಿಲ್ಲ ಕಣಪ್ಪ," ಅಂತ ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನು ಆ ರಸ್ತೇಲೇ ಕುಸಿದು ಕೂತು ಅತ್ತ. ನಾನೂ ಅತ್ತೆ. ಆಮೇಲೆ ಅವನನ್ನ ಗಾಡಿಯವರ ಜೊತೆ ಮಾಡಿ, ಮುಖ ತೊಳೆದು ವಾಪಸ್ಸು ಹೋದೆ.

ದೊಡ್ಡವ್ವ ಒರಳಿಂದ ಇಳಿದಿದ್ದಳು. ಇಷ್ಟು ದಿನದಲ್ಲಿ ಅವಳು ನೆಲದ ಮೇಲೆ ನಿಂತಿದ್ದನ್ನ ನಾನು ನೋಡಿದ್ದೇ ಕಮ್ಮಿ. ಎಷ್ಟು ಗಿಡ್ಡ ಹೆಂಗಸು ಅಂತ ಅವತ್ತು ಗೊತ್ತಾಯ್ತು. ಒರಳಿನ ಚೌಕಟ್ಟು ಹಿಡ್ಕೊಂಡು ನಿಂತಿದ್ದಳು.

"ಏನಂದ ಅವನು?"

"ಏನಿಲ್ಲ ದೊಡ್ಡವ್ವ. ಮತ್ತೆ ಬರ್ತೀನಿ ಅಂದ."

"ನಿನ್ನ ವರ್ಷ ತುಂಬೈತಲ್ಲ?"

"ತುಂಬೈತೆ."

"ಹಂಗಾದ್ರೆ ಹತ್ತು. ಕುಂತ್ಕ."

ಹೇಗೋ ಮರ ಹತ್ತಿ ಕೂತೆ. ಅವಳು ಉಳಿದಿದ್ದ ಬಿಸಿ ಹಿಟ್ಟನ್ನ ತಾನೇ ಒರಳಿಗೆ ತುಂಬಿದಳು. ಸುತ್ತ ನೋಡಿದಳು. ಊರಿಗೆಲ್ಲ ಉಣ್ಣಿಸಿದವಳಿಗೆ ಅಲ್ಲಿ ತನ್ನದು ಅಂತ ಒಂದು ಬಟ್ಟಲು ಇರಲಿಲ್ಲ. ನನ್ನ ಬಟ್ಟಲನ್ನೇ ತೊಳೆದು ತಂದು, ಒರಳಿನ ಕೆಳಗೆ ಎರಡೂ ಕೈಲಿ ಹಿಡಿದು ನಿಂತಳು. ನಾನು ಭಾರ ಹಾಕಿದೆ. ಮರ ಕದಲಲಿಲ್ಲ.

"ಒತ್ತಲೇ ತಾಳ್ಯದೋನೇ, ಜೀವ ಇಲ್ವೇನಲೇ ಮೈಯಾಗೆ?"

ಹಲ್ಲು ಕಚ್ಚಿ ಒತ್ತಿದೆ. ಮರ ಇಳೀತು. ಎಳೆಗಳು ಇಳಿದ್ವು. ಅವಳ ಕೈ ಒಂದಿಷ್ಟೂ ಅಲುಗಾಡಲಿಲ್ಲ, ಒಂದೆಳೆಯೂ ಹರಿಯಲಿಲ್ಲ. ಸಾರು ಹಾಕ್ಕೊಂಡು, ನಾನು ಮೊದಲ ದಿನ ಕೂತಿದ್ದ ಗೋಡೆ ಹತ್ರವೇ ಹೋಗಿ ಕೂತಳು. ಒಂದು ತುತ್ತು ಉಂಡಳು. ಇನ್ನೊಂದು ತುತ್ತು ಬಾಯಿಗಿಟ್ಟಳು. ಆಗ ಅಳು ಬಂತು ಅವಳಿಗೆ, ಬಾಯಿ ತುಂಬ ಶಾವಿಗೆ ಇಟ್ಕೊಂಡೇ ಅತ್ತಳು. ಸಾರು ಆರ್ತೈತೆ ಅಂತ ಅವಳು ನನಗೆ ಹೇಳಿದ್ದ ಹಾಗೆ ಹೇಳೋ ಧೈರ್ಯ ನನಗಿರಲಿಲ್ಲ. ಇಳಿಯೋಕೂ ಗೊತ್ತಾಗದೆ ಮರದ ಮೇಲೇ ಕೂತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಸೆರಗಿಂದ ಮುಖ ಒರೆಸ್ಕೊಂಡು ತಲೆ ಎತ್ತಿ ನನ್ನನ್ನ ನೋಡಿದಳು.

"ಅವನೂ ಅಲ್ಲಿ ಹಿಂಗೇ ಕುಂತಿರ್ತಾನೆ, ಅಲ್ವೇನಲೇ?" ಅಂದಳು. "ನೆಟ್ಟಗೆ."

"ಹೂಂ ದೊಡ್ಡವ್ವ," ಅಂದೆ.